ಡ್ರೈವರ್ ಬರೆದವಳು

ಬಸ್ ನಿಲ್ದಾಣದ ಬೆಂಚಿನಲ್ಲಿ ನಿವೃತ್ತ ಅಧ್ಯಾಪಕಿಯ ಪಕ್ಕ ಇಬ್ಬರು ಇಂಜಿನಿಯರುಗಳು ಕೂತಿದ್ದರು, ಒಬ್ಬರು ಹಿರಿಯರು, ಇನ್ನೊಬ್ಬಳು ಅವರ ಕೈಕೆಳಗಿನ ಹುಡುಗಿ. ಹಿರಿಯರು ನೀರಿನ ಬಾಟಲಿಯ ಮುಚ್ಚಳ ತೆಗೆದು ಹುಡುಗಿಗೆ ಕೊಟ್ಟದ್ದು ಅಧ್ಯಾಪಕಿಗೆ ಹಿಡಿಸಿತು.

“ವೋಲ್ಟೇಜನ್ನ ಅಂಕಿ ಮಾಡೋ ಆ ಚಿಪ್ಪನ್ನ ನಡೆಸೋ ಪ್ರೋಗ್ರಾಂ, ಆ ಡ್ರೈವರ್ ಬರೆದೋಳು ನಾನು ಸರ್. ಏಳು ಸಲ ತಿದ್ದಿಸಿದ್ರಿ.”

“ತಪ್ಪಿತ್ತಲ್ಲಮ್ಮ. ಅಳೆಯೋ ಚಾನೆಲ್ ಬದಲಾಯಿಸಿದ್ರೆ ಮೊದಲು ಹಿಂದಿನ ಚಾನೆಲ್ಲಿನ ಅಳತೆನೇ ಬರ್ತಿತ್ತು.”

“ತಿದ್ದಿದೆ. ಎಂಟನೇ ಸಲ ಆ ಕೋಡು ಮ್ಯಾನೇಜರ್ ಭಾಮೈದನ ಹೆಸರಲ್ಲಿ ಹೋಯ್ತು. ಅದರಲ್ಲಿ ನಾನು ಬರೀ ಟೆಸ್ಟ್ ಮಾಡಿದೋಳಂತೆ. ಹೆತ್ತೋಳನ್ನ ಸೂಲಗಿತ್ತಿ ಅಂದ ಹಾಗಾಯ್ತು.”

“ಅಷ್ಟಾದ್ರೂ ಹೆಸರಿರ್ಲಿ ಅಂತ ನೀನು ಟೆಸ್ಟ್ ಮಾಡಿದೆ ಅನ್ನೋ ಸಾಲನ್ನ ನಾನೇ ಸೇರಿಸಿದೆ.”

“ಅಂದ್ರೆ, ಕಳಿಸೋ ಮೊದಲೇ ನಿಮಗೆ ಗೊತ್ತಿತ್ತು.”

ಅಷ್ಟರಲ್ಲಿ ಬಸ್ಸು ಬಂತು.

“ಬಾಮ್ಮ, ಸೀಟ್ ಖಾಲಿ ಇದೆ.”

“ನೀವು ಹೋಗಿ ಸರ್. ನಾನು ಇನ್ನೊಂದಕ್ಕೆ ಬರ್ತೀನಿ.”

ಅವರು ಒಬ್ಬರೇ ಹತ್ತಿದರು.