ನಿನ್ನ ಅಮ್ಮನನ್ನು ಹೊತ್ತು ಹತ್ತಿಸಿದ ಮೆಟ್ಟಿಲು

ನಿಲ್ಲು ನಿಲ್ಲು, ಓಡ್ಬೇಡ, ನಿನ್ನ ಪುಸ್ತಕದ ಆ ನಾಲ್ಕನೇ ಚಿತ್ರದ ಕೆಳಗೆ ಎಂತ ಬರ್ದದ್ದು, ಇನ್ನೊಮ್ಮೆ ಓದು ಮಾರಾಯ್ತಿ. ಮೊದಲಿನ ಮೂರು ನಂಗೆ ಗೊತ್ತಾಯ್ತು. ಅಮೇರಿಕದಲ್ಲಿ ಊರವರ ತೆರಿಗೆಯಲ್ಲೇ ಫೀಸಿಲ್ಲದ ಶಾಲೆ ಮಾಡಿದ್ರು, ಒಂದು. ಮಕ್ಕಳನ್ನು ಮಿಲ್ಲಿಗೆ ಕಳಿಸ್ಬೇಡಿ, ಶಾಲೆಗೆ ಕಳಿಸ್ಲೇಬೇಕು ಅಂತ ಕಾನೂನು ಬಂತು, ಎರಡು. ಆ ಕಾನೂನು ನಮ್ಮ ಮನೆಗೆ ಬಂದಿದ್ರೆ ನಾನು ಮೂರನೇ ಕ್ಲಾಸಿಗೇ ಬಿಡ್ತಿದ್ನಾ? ಕಲೆಕ್ಟರ್ ಆಗ್ತಿದ್ದೆ ಕಲೆಕ್ಟರ್, ನಗ್ಬೇಡ. ಮತ್ತೆ ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿ ಮಕ್ಕಳಿಗೊಂದು ಶಾಲೆ ಮಾಡುದು ತಪ್ಪು ಅಂತ ದೊಡ್ಡ ಕೋರ್ಟು ಹೇಳಿತು, ಮೂರು. ಅದು ಸರಿಯೇ. ನಾಲ್ಕನೇದು ಓದು ಈಗ.

“ಅಂಗವಿಕಲ ಮಕ್ಕಳನ್ನು ಸರ್ಕಾರಿ ಶಾಲೆ ಬೇಡ ಅನ್ನುವ ಹಾಗಿಲ್ಲ, ಅವರಿಗೆ ಬೇಕಾದ ವ್ಯವಸ್ಥೆ ಶಾಲೆಯೇ ಮಾಡ್ಬೇಕು, ಅಜ್ಜ.”

ಶಾಲೆಯೇ! ಕೇಳಿದ್ಯಾ? ಇಲ್ಲಿ ಬಹರೈನಿನಲ್ಲಿ ಆ ವ್ಯವಸ್ಥೆ ಯಾರು ಗೊತ್ತುಂಟಾ? ನಾನು. ನಿನ್ನ ಅಮ್ಮ ಲೀಲಾಳಿಗೆ ಎರಡು ವರ್ಷಕ್ಕೆ ಪೋಲಿಯೋ ಬಡಿಯಿತಲ್ಲ, ಊರಿಂದ ಇಲ್ಲಿಗೆ ಕರ್ಕೊಂಡು ಬರುವಾಗ ಆರು, ಅಲ್ಲ ಏಳು, ಏಳು ವರ್ಷ, ಕಾಲಿಗೆ ಕಬ್ಬಿಣದ ಪಟ್ಟಿ. ಶಾಲೆಯ ಹೆಡ್‌ಮಿಸ್ ಕನ್ನಡಕ ಇಳಿಸಿ, “ಸಾರಿ, ಎರಡನೇ ಕ್ಲಾಸು ಮೇಲೆ ಉಂಟು, ಮಗು ಹತ್ತುದು ಹೇಗೆ?” ಅಂದ್ಳು. ನಾನು ಮೇಜಿಗೆ ಕುಟ್ಟಿ, “ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಕ್ವಿಂಟಲ್ ಮೂಟೆ ಬೆನ್ನ ಮೇಲೆ ಹೊರುವವ ನಾನು, ಈ ಗುಬ್ಬಚ್ಚಿ ಎಂತ ಭಾರ!” ಅಂದೆ. ಸೀಟು ಸಿಕ್ಕಿತು. ದಿನಾ ಬೆಳಿಗ್ಗೆ ಸೆಗಯಾದ ನಮ್ಮ ಮನೆಯಿಂದ ಹೆಗಲ ಮೇಲೆ, ಮೂವತ್ತೆರಡು ಮೆಟ್ಟಿಲು, ಒಂದೇ ಉಸಿರಿಗೆ. ಮಧ್ಯಾಹ್ನ ಊಟದ ಬಿಡುವಲ್ಲಿ ಓಡಿ ಬಂದು ಇಳಿಸುದು. ನಮ್ಮ ಬಲೂಚಿ ಫೋರ್‌ಮನ್, “ಅರೇ ಪೈಲ್ವಾನ್, ಯಲ್ಲಾ ಯಲ್ಲಾ, ಬೇಗ ಹೋಗು, ಬೇಟಿ ದಾರಿ ನೋಡ್ತಾ ಇರ್ತಾಳೆ” ಅಂತ ಕಳಿಸ್ತಿದ್ದ. ಬೇರೆ ಮಕ್ಕಳ ಅಪ್ಪಂದಿರು ಕಾರಲ್ಲಿ ಕೂತು ನನ್ನನ್ನೇ ನೋಡುದು. ನೋಡ್ಲಿ! ನಂಗೆ ಎದೆ ಇಷ್ಟು ದೊಡ್ಡದಾಗ್ತಿತ್ತು.

ಆದ್ರೆ ಬೇಸಿಗೆ ಸುರು ಆಯ್ತಲ್ಲ, ಬಹರೈನಿನ ಬೇಸಿಗೆ ಗೊತ್ತುಂಟಲ್ಲ, ಹುಡುಗಿಗೆ ಜ್ವರ, ಹೊಟ್ಟೆ ಹಿಡ್ಕೊಂಡು ಅಳುದು, ಉಚ್ಚೆ ಹೊಯ್ದರೆ ಉರಿ. ಡಾಕ್ಟ್ರು, “ಇವ್ಳು ನೀರೇ ಕುಡಿಯುದಿಲ್ವಾ?” ಅಂತ ನನ್ನನ್ನೇ ಗದರಿದ. ನಿನ್ನ ಅಜ್ಜಿ ತಲೆ ತಗ್ಗಿಸಿ, “ಬಾಟ್ಲಿ ದಿನಾ ತುಂಬಿಯೇ ಮನೆಗೆ ಬರ್ತದೆ, ಅಲ್ಲಿ ಶಾಲೆಯ ನೀರು ಕುಡಿತಾಳೆ ಅಂತ ಮಾಡಿದ್ದೆ” ಅಂದ್ಳು. ನಾನು ಜೋರು ಮಾಡಿದೆ, “ಯಾಕೆ ಕುಡಿಯುದಿಲ್ಲ, ಹೇಳು!” ಲೀಲಾ ಮೆಲ್ಲ, “ಕಕ್ಕಸು ಕೆಳಗೆ ಉಂಟು ಅಪ್ಪ. ನೀನು ಗೋದಾಮಲ್ಲಿ ಇರ್ತಿಯಲ್ಲ.”

ಆಟದ ಹೊತ್ತಲ್ಲೂ ಮೇಲೆಯೇ, ಒಬ್ಳೇ, ಬೆಂಚಲ್ಲಿ. ನಾನು ಹೊತ್ತು ಇಟ್ಟು ಬಂದ ಮೂಟೆ ಹಾಗೆ. ಹಮಾಲಿ ಬುದ್ಧಿ ನೋಡು, ಭಾರ ಕಂಡ ಕೂಡ್ಲೇ ಬೆನ್ನು ಬಗ್ಗುದು, ಇದನ್ನು ಕೆಳಗೇ ಇಡ್ಲಿಕ್ಕೆ ಆಗ್ತದಾ ಅಂತ ಬಾಯಿ ಬಿಟ್ಟು ಕೇಳಿ ಗೊತ್ತೇ ಇಲ್ಲ ನಮ್ಗೆ. ಮರುದಿನ ಹೋದೆ. ಮೇಜು ಕುಟ್ಲಿಲ್ಲ. ಕೈ ಕಟ್ಟಿ ನಿಂತು, “ಮೇಡಂ, ಕ್ಲಾಸು ಕೆಳಗೆ ಬರ್ಲಿಕ್ಕೆ ಆಗ್ತದಾ?” ಅಂದೆ. ಹೆಡ್‌ಮಿಸ್ ಕುರ್ಚಿಯಿಂದ ಎದ್ದು, “ಕೆಳಗೆ ಹೊಲಿಗೆ ಕೋಣೆ ಉಂಟು, ಅದನ್ನು ಮೇಲೆ ಹಾಕುವ. ಇದು ನಾನೇ ಯೋಚಿಸ್ಬೇಕಿತ್ತು” ಅಂದ್ಳು. ಒಂದೇ ವಾರದಲ್ಲಿ ಕ್ಲಾಸು ಕೆಳಗೆ ಬಂತು. ಆ ದಿನ ನಿನ್ನ ಅಮ್ಮ ಪಟ್ಟಿ ಕಟಕಟ ಮಾಡ್ಕೊಂಡು ತಾನೇ ಒಳಗೆ ನಡ್ದಳು, ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ನಾನು ಗೇಟಲ್ಲಿ ಖಾಲಿ ಹೆಗಲು ಹಿಡ್ಕೊಂಡು ನಿಂತೆ. ಅದಕ್ಕೇ ಹೇಳುದು ಮಗಾ, ಯಾರಿಗಾದ್ರೂ ಉಪಕಾರ ಮಾಡುವ ಮೊದಲು ನಿಂಗೆ ಎಂತ ಬೇಕು ಅಂತ ಅವರನ್ನೇ ಒಂದು ಮಾತು ಕೇಳು.