ಮಗಳ ಪಾಲಿನ ನೂಲು

ರಾಜೂರಿನಲ್ಲಿ ಇರುವೆ ಕೆಮ್ಮಿದರೆ ರೋಣದ ಬಸ್ ನಿಲ್ದಾಣದಲ್ಲಿ ನನಗೆ ಕೇಳಿಸುತ್ತದೆ. ಇನ್ನು ಇಲ್ಲಿ ಬಸ್ಸಿಗೆ ಕಾದಿರುವ ಈ ಗಂಡ ಹೆಂಡತಿಯ ಮಾತು ಯಾವ ಲೆಕ್ಕ? ಮಹಾದೇವಪ್ಪ ಯುದ್ಧದಲ್ಲಿ ಕಾಲು ಕಳೆದುಕೊಂಡವನು. ಅವನನ್ನು ಬಿಟ್ಟುಹೋಗಿ, ಮಗಳೊಂದಿಗೆ ಗಜೇಂದ್ರಗಡದಲ್ಲಿದ್ದು ಸೀರೆ ನೇಯುವವಳು ಹೆಂಡತಿ ಕಳಕವ್ವ.

“ಪಿಂಚಣಿ ಬಂತು. ಕೋರ್ಟ್ ಹೇಳಿದ ಮಗಳ ಪಾಲು ತಗೊ.”

“ಇದನ್ನ ಕೊಟ್ಟು ನೀವೇನ ಉಣ್ಣತೀರಿ?”

“ಅಕಿ ಉಂಡ್ರ ನಾ ಉಂಡಂಗ.”

“ಭಾಳ ಶಾಣ್ಯಾರು! ರೊಕ್ಕ ಇಟ್ಕೋರಿ. ಮನಿಗೆ ಬಂದು ಮಗ್ಗದ ಕಂಡಿಕಿಗೆ ನೂಲು ಸುತ್ತಿಕೊಡ್ರಿ. ಅದೇ ಅಕಿ ಪಾಲು.”

“ಒಂದ ಕಾಲಾಗ?”

“ನೂಲು ಕೈಲೆ ಸುತ್ತತಾರ್ರಿ.”

“ನಾ ಬಂದ್ರ ಮತ್ತ ಜಗಳ ಆಗತೈತಿ.”

“ಆಗ್ಲಿ. ಮಗಳಿಗೂ ನಿಮ್ಮ ದನಿ ಕೇಳಲಿ.”

ಬಸ್ಸು ಬಂತು. ಕಳಕವ್ವ ನನ್ನತ್ತ ತಿರುಗಿದಳು.

“ಅಣ್ಣಾರ, ಕೇಳಿದ್ದು ಸಾಕಾತಂದ್ರ ನಮ್ಮ ನೂಲಿನ ಗಂಟಿನ ಮ್ಯಾಲಿಂದ ಲಗೂ ಏಳ್ರಿ. ಇವರೂ ನನ್ನ ಕೂಡ ಹೊಂಟಾರ.”

ಖರೇ ಹೇಳುತ್ತೇನೆ, ಯಾವ ಇರುವೆಯೂ ಕೆಮ್ಮಿಲ್ಲ. ನಾನು ಅವರ ಗಂಟಿನ ಮೇಲೆಯೇ ಕುಳಿತಿದ್ದೆ.