ಹೊಳೆಯದ ವಂಕಿ

ವೇದಿಕೆಯ ನಡುವೆ ಗಾಂಭೀರ್ಯವೇ ಮೈವೆತ್ತಂತೆ ಕುಳಿತಿರುವ ಅಧ್ಯಕ್ಷರಾದ ಆನಂದಪ್ಪ ಮೇಷ್ಟ್ರೇ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ತಂದು ಪರಿಚಯ ಮಾಡಿಕೊಟ್ಟ ಸರಳಾ ಮೇಡಂ ಅವರೇ, ಕೊಡಿಗೇಹಳ್ಳಿ ನಾಟಕ ಮಂಡಳಿಯ ಬಣ್ಣದ ಬಂಧುಗಳೇ, ಸಹಕಾರನಗರದಿಂದ, ಸಂಜಯನಗರದಿಂದ ಸಂಜೆಯ ಟ್ರಾಫಿಕ್ಕನ್ನು ಜಯಿಸಿ ಬಂದಿರುವ ಸಭಿಕರೇ, ಮೊದಲನೇ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸ್ರೀ’ ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಶ್ರೀಮತಿ ಗಂಗರತ್ನಮ್ಮನವರೇ!

ಈ ದಿನ ನನಗೆ ಕೊಟ್ಟಿರುವ ವಿಷಯ ‘ನಿಜವಾದ ಶ್ರೀಮಂತಿಕೆ’. ಯಾರಿಗೆ ಕೊಟ್ಟಿದ್ದೀರಿ ನೋಡಿ! ದ್ರಾಕ್ಷಿ ತೋಟವನ್ನು ಲೇಔಟ್ ಮಾಡಿ ಮಾರಿದ ಚಿಕ್ಕಬೈರಪ್ಪನ ಮಗ ಅನಂತರಾಜುವಿಗೆ! ಮೇಷ್ಟ್ರೇ, ನೀವು ನಗಬಹುದು, ಅಧ್ಯಕ್ಷರು ನಗಬಾರದೆಂದು ಎಲ್ಲಿಯೂ ಬರೆದಿಲ್ಲ.

ಆದರೆ ನಾನು ಆ ವಿಷಯಕ್ಕಾಗಿ ಬಂದವನಲ್ಲ. ಹೋದ ವರ್ಷ ಇದೇ ವೇದಿಕೆಯ ಮೇಲೆ, ನಿಮ್ಮೆಲ್ಲರ ಮುಂದೆ, ಗಯಾಸ್ ಸಾಹೇಬರನ್ನು ನಾನು ಕಳ್ಳ ಎಂದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ. ಒಂದೇ ವಾಕ್ಯದ ಕೆಲಸ. ಏನು ಮಾಡಲಿ? ನಾನು ನಾಟಕ ನೋಡುತ್ತಾ, ನಾಟಕ ಆಡುತ್ತಾ ಬೆಳೆದವನು. ಪರದೆಯ ಹಿಂದಿನಿಂದ ಒಂದು ಆಲಾಪವಿಲ್ಲದೆ ನನಗೆ ರಂಗದ ಮೇಲೆ ಬರುವುದೇ ಗೊತ್ತಿಲ್ಲ. ಸ್ವಲ್ಪ ಸೈರಿಸಿಕೊಳ್ಳಿ.

ಗಯಾಸ್ ಸಾಹೇಬರು ಯಾರು? ಹೊಸಬರಿಗೆ ಹೇಳುತ್ತೇನೆ. ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ ನಾಟಕದ ಉಡುಗೆ ತೊಡುಗೆ ಬಾಡಿಗೆಗೆ ಕೊಡುವ ಅಂಗಡಿ ಅವರದು. ಕಿರೀಟ, ಭುಜಕೀರ್ತಿ, ಗದೆ, ಮೀಸೆ, ಎಲ್ಲವೂ ಅವರ ಕೈಯಿಂದಲೇ ಹುಟ್ಟಿದವು. ರಟ್ಟು, ತಗಡು, ಅರಗು, ಗಾಜಿನ ಹರಳು. ಇಷ್ಟರಿಂದ ಅವರು ಸ್ವರ್ಗಲೋಕವನ್ನೇ ಸೃಷ್ಟಿಸುತ್ತಿದ್ದರು. ಈ ಊರಿನಲ್ಲಿ ರಾಜನಾಗದ ಗಂಡಸು ಯಾರಿದ್ದೀರಿ? ನಿಮ್ಮೆಲ್ಲರ ತಲೆಯ ಅಳತೆ ಅವರಿಗೆ ಬಾಯಿಪಾಠ. ನನ್ನದು ಮಾತ್ರ ವರ್ಷವರ್ಷವೂ ದೊಡ್ಡದಾಗುತ್ತಿತ್ತಂತೆ!

ಏಳು ವರ್ಷದ ಹಿಂದೆ ನನಗೆ ರಾಜನ ಪಾತ್ರ ಬಂತು. ಬಂತು ಎನ್ನುವುದೇಕೆ, ಕೊಂಡುಕೊಂಡೆ. ನಮ್ಮಲ್ಲಿ ಪಾತ್ರಕ್ಕೆ ಹಣ ಕಟ್ಟಬೇಕು, ಹೆಚ್ಚು ಕಟ್ಟಿದವನೇ ರಾಜ, ಇದು ನಿಮಗೆ ಗೊತ್ತಿಲ್ಲದ ಗುಟ್ಟೇನಲ್ಲ. ದುಡ್ಡು ಕೊಟ್ಟು ರಾಜನಾದವನು ತಗಡಿನ ಒಡವೆ ತೊಡುವುದೇ? ‘ಅಪ್ಪಟ ಚಿನ್ನವನ್ನೇ ತೊಟ್ಟು ರಂಗಕ್ಕೆ ಬರುತ್ತೇನೆ’ ಎಂದು ಊರಿಗೆಲ್ಲ ಸಾರಿದೆ. ಮನೆಯಲ್ಲಿ ನನ್ನ ಅವ್ವ ಮುನಿಕೃಷ್ಣಮ್ಮನ ವಂಕಿ ಇತ್ತು. ತೋಳಿಗೆ ಹಾಕುವ ಹಳೆಯ ಕಾಲದ ಒಡವೆ, ಎರಡು ಗಿಣಿಗಳು ಎದುರುಬದುರು. ಜೋಡಿಯಲ್ಲಿ ಒಂದು ಅಕ್ಕನ ಪಾಲಿಗೆ ಹೋಗಿತ್ತು. ಉಳಿದ ಒಂದರಲ್ಲಿ ಒಂದು ಗಿಣಿಗೆ ಕೊಕ್ಕಿರಲಿಲ್ಲ. ನಾನು ಅಂಬೆಗಾಲಿಡುವಾಗ ಒರಳುಕಲ್ಲಿಗೆ ಕುಟ್ಟಿ ಮುರಿದಿದ್ದೆನಂತೆ.

ಒಂದೇ ತೋಳಿಗೆ ವಂಕಿ ತೊಟ್ಟರೆ ರಾಜ ಎನ್ನುತ್ತಾರೆಯೇ? ಸಾಹೇಬರ ಅಂಗಡಿಗೆ ಹೋದೆ.

“ಇದಕ್ಕೊಂದು ಜೋಡಿ ಮಾಡಿಕೊಡಿ ಸಾಹೇಬ್ರೇ.”

ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, “ಕೊಕ್ಕು ಮುರಿದಿದೆ ಅಣ್ಣ. ಇನ್ನೊಂದ್ರಲ್ಲೂ ಮುರಿದಂಗೇ ಮಾಡ್ಲಾ?” ಎಂದರು.

“ನೆಟ್ಟಗೇ ಮಾಡಿ.”

ಮಾಡಿದರು. ಕೈ ಎತ್ತಿದಾಗ ಎರಡೂ ತೋಳು ಒಂದೇ ಭಾರ ಇರಲಿ ಎಂದು ಒಳಗೆ ಸೀಸ ತುಂಬಿದ್ದರು. ಎಂಥ ಕಸುಬುದಾರ!

ನಾಟಕದ ದಿನ ದೀಪಗಳು ಹತ್ತಿದವು. ಪರದೆ ಸರಿಯಿತು. ನಾನು ಎರಡೂ ಕೈ ಎತ್ತಿ ಗರ್ಜಿಸಿದೆ. ಸಭಿಕರೇ, ಸಾಹೇಬರ ವಂಕಿ ಬೆಂಕಿಯಂತೆ ಹೊಳೆಯಿತು! ಅವ್ವನ ವಂಕಿ? ಕೆಸರು ಮೆತ್ತಿದಂತೆ ತೆಪ್ಪಗೆ ಕುಳಿತಿತ್ತು. ಅಪ್ಪಟ ಚಿನ್ನಕ್ಕೆ ಆ ದೀಪಗಳ ಎದುರು ಹೊಳೆಯಲು ಬರುವುದಿಲ್ಲವಂತೆ. ಇದು ಆಗ ನನಗೆ ಗೊತ್ತಿತ್ತೇ? ನಾಟಕ ಮುಗಿದ ಮೇಲೆ ಬಣ್ಣದ ಮನೆಯಲ್ಲಿ, ಹಾರ ತುರಾಯಿಗಳ ಗದ್ದಲದಲ್ಲಿ, ಹೊಳೆಯುತ್ತಿದ್ದುದನ್ನು ಎದೆಗೊತ್ತಿಕೊಂಡು ಮನೆಗೆ ಒಯ್ದೆ. ಮಂಕಾಗಿದ್ದುದನ್ನು ಸಾಹೇಬರ ಪೆಟ್ಟಿಗೆಗೆ ನಾನೇ, ಈ ಕೈಯಿಂದಲೇ, ಎಸೆದೆ.

ಆರು ವರ್ಷ ಆ ಸೀಸ ಬ್ಯಾಂಕಿನ ಲಾಕರಿನಲ್ಲಿ ಮಲಗಿತ್ತು. ಆರು ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಆರತಿ ಎತ್ತಿಸಿಕೊಂಡು ಒಳಗೆ ಹೋಗುತ್ತಿತ್ತು. ಹೋದ ವರ್ಷ ಗಂಗರತ್ನಮ್ಮ ಪಾಲಿಶ್ ಮಾಡಿಸಲು ಆಭರಣದ ಅಂಗಡಿಗೆ ಒಯ್ದರು. ಅಂಗಡಿಯವನು ಒಂದು ಗೀರು ಎಳೆದು ನೋಡಿ, ‘ಇದು ಚಿನ್ನವಲ್ಲಮ್ಮ’ ಎಂದು ವಾಪಸ್ ಕೊಟ್ಟನಂತೆ.

ಮುಂದಿನದಕ್ಕೆ ನೀವೇ ಸಾಕ್ಷಿ. ಸಾಹೇಬರು ಆ ದಿನ ಇಲ್ಲೇ, ಈ ಮೂಲೆಯಲ್ಲಿ, ಯಾರಿಗೋ ಕಿರೀಟದ ದಾರ ಬಿಗಿಯುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು, ಬೆರಳಿನಿಂದಲೇ ಕೆಲಸ. ನಾನು ಮೈಕ್ ಹಿಡಿದು ಅಬ್ಬರಿಸಿದೆ: “ಅಸಲಿ ನುಂಗಿ ನಕಲಿ ಕೊಟ್ಟ ಕಳ್ಳ!” ನೀವು ಕೆಲವರು ಚಪ್ಪಾಳೆಯನ್ನೂ ತಟ್ಟಿದಿರಿ. ನನ್ನ ಗಂಟಲು ಹಾಗಿದೆ, ಏನು ಹೇಳಿದರೂ ಚಪ್ಪಾಳೆ ಬೀಳುತ್ತದೆ.

ಸಾಹೇಬರು ಕೈ ಚಾಚಿ, “ಕೊಡಿ ಅಣ್ಣ, ಒಂದ್ಸಲ ಮುಟ್ಟಿ ನೋಡ್ತೀನಿ,” ಎಂದರು.

ನಾನು ಕೊಡಲಿಲ್ಲ. ಕೊಟ್ಟಿದ್ದರೆ? ಎರಡೂ ಕೊಕ್ಕು ಅವರ ಬೆರಳಿಗೆ ಸಿಗುತ್ತಿದ್ದವು. ಆ ಕ್ಷಣದಲ್ಲೇ ಎಲ್ಲ ಮುಗಿಯುತ್ತಿತ್ತು.

“ಪೆಟ್ಟಿಗೆ ಇಲ್ಲೇ ಇದೆ, ತೆಗೆದು ನೋಡಿ,” ಎಂದರು.

“ಕದ್ದಿದ್ದನ್ನ ಯಾವನಾದ್ರೂ ಪೆಟ್ಟಿಗೇಲಿ ಇಟ್ಕೊಂಡು ಊರೂರು ತಿರುಗ್ತಾನಾ?” ಎಂದೆ. ನೀವು ನಕ್ಕಿರಿ. ಅವರು ಪೆಟ್ಟಿಗೆಯನ್ನು ಮಗಳ ಸ್ಕೂಟರಿಗೆ ಏರಿಸಿಕೊಂಡು ಹೊರಟುಹೋದರು. ಆಮೇಲೆ ಯಲಹಂಕದಿಂದ ಹೆಬ್ಬಾಳದವರೆಗೆ ಒಂದು ಮಂಡಳಿಯೂ ಅವರನ್ನು ಕರೆಯಲಿಲ್ಲ.

ಮೊನ್ನೆ ಶಿವರಾತ್ರಿ ಕಳೆದ ಮೇಲೆ ನಾಗಸಂದ್ರದ ನೆಂಟರ ಮನೆಗೆ ಹೋಗಿದ್ದೆ. ಅಲ್ಲಿನ ಬಯಲಿನಲ್ಲಿ ನಾಟಕ. ಸೂರ್ಯ ಇನ್ನೂ ಮುಳುಗಿರಲಿಲ್ಲ, ಮೇಲೆ ಮೆಟ್ರೋ ಹಸಿರು ಗೆರೆಯಂತೆ ಜಾರಿಹೋಗುತ್ತಿತ್ತು. ರಾಜನ ಪಾತ್ರದವನು ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಕಾಶಿನಾಥ. ರಾಜ್ಯವನ್ನೆಲ್ಲ ದಾನ ಮಾಡಿ ಕಾಡಿಗೆ ಹೊರಡುವ ಪದ. ಹಾಡುತ್ತಾ ನನ್ನ ಮುಂದೆಯೇ ಕೈ ಎತ್ತಿದ. ತೋಳಿನಲ್ಲಿ ಒಂದು ಮಂಕು ವಂಕಿ. ಎರಡು ಗಿಣಿ. ಒಂದಕ್ಕೆ ಕೊಕ್ಕಿಲ್ಲ.

ಆಮೇಲೆ ನನಗೆ ಹಾಡು ಕೇಳಿಸಲಿಲ್ಲ. ಎಲ್ಲಿದ್ದೆ ನಾನು? ದ್ರಾಕ್ಷಿ ಚಪ್ಪರದ ಕೆಳಗಿದ್ದೆ. ಎಲೆಗಳ ನಡುವಿನಿಂದ ಬಿಸಿಲು ಹನಿಹನಿಯಾಗಿ ಸೋರುತ್ತಿತ್ತು. ಹಬ್ಬದ ಸೀರೆಯಲ್ಲೇ ಗೊಂಚಲು ಕೊಯ್ಯಲು ಬಂದಿದ್ದ ಅವ್ವ ಕೈ ಮೇಲೆತ್ತಿದ್ದಳು. ಅವಳ ಕಪ್ಪು ತೋಳಿನ ಮೇಲೆ ಆ ವಂಕಿ ಹೊಳೆಯುತ್ತಿರಲಿಲ್ಲ. ಮೈಯದೇ ಒಂದು ಭಾಗವೆಂಬಂತೆ ಸುಮ್ಮನೆ ಅಲ್ಲಿತ್ತು. “ಇಂಗೆ ಬಾರಪ್ಪ, ಬಾಯ್ ತಗಿ,” ಎಂದಳು. ಬಾಯಿ ತೆರೆದೆ. ನಿಜವಾಗಿಯೂ ತೆರೆದಿದ್ದೆನಂತೆ, ನಾಗಸಂದ್ರದ ಬಯಲಿನಲ್ಲಿ, ಅಷ್ಟು ಜನರ ನಡುವೆ! ಪಕ್ಕದವರು ನೀರು ಕೊಟ್ಟರು. ಆ ಚಪ್ಪರವಿದ್ದ ಜಾಗದಲ್ಲಿ ಈಗ ನನ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದೆ ಎಂಬುದು ಎಷ್ಟೋ ಹೊತ್ತು ನೆನಪಾಗಲೇ ಇಲ್ಲ.

ನಾಟಕ ಮುಗಿದ ಕೂಡಲೇ ಬಣ್ಣದ ಮನೆಗೆ ಹೋದೆ. ಕಾಶಿನಾಥ ಬೆವರು ಒರೆಸಿಕೊಳ್ಳುತ್ತಾ ಹೇಳಿದ: “ಇದು ಮಂಕು ಅಂತ ಯಾರೂ ಮುಟ್ಟಲ್ಲಣ್ಣ. ನಂಗೆ ಇದೇ ಬೇಕು. ಹಾಕ್ಕೊಂಡ್ರೆ ಯಾರೋ ತೋಳು ಹಿಡ್ಕೊಂಡಂಗಿರ್ತದೆ.”

“ಪೆಟ್ಟಿಗೆ ಯಾರದಪ್ಪ?”

“ಗಯಾಸ್ ಸಾಬ್ರದು. ಯಾವನೋ ಬಿಲ್ಡರ್ ಅವ್ರನ್ನ ಕಳ್ಳ ಅಂದ್ನಂತೆ. ಅವ್ನ ಮಾತು ಯಾರ್ ಕೇಳ್ತಾರೆ ಬಿಡಣ್ಣ.”

ಬಿಟ್ಟೆ. ಬೇರೆ ಏನು ಮಾಡಲಿ?

ಮನೆಗೆ ಬಂದು ಲಾಕರಿನ ಕಥೆ ಬಿಚ್ಚಿದೆ. ಗಂಗರತ್ನಮ್ಮ ಹಣೆ ಹಣೆ ಚಚ್ಚಿಕೊಂಡರು: “ಆರು ಹಬ್ಬ ಸೀಸಕ್ಕೆ ಆರತಿ ಎತ್ತಿದ್ದೀನಲ್ರೀ! ಕೊಕ್ಕು ನೆಟ್ಟಗಿರೋದು ನಿಮಗೆ ಕಾಣಿಸ್ಲಿಲ್ವಾ? ನಂಗೂ ಕಾಣಿಸ್ಲಿಲ್ಲ, ಬಿಡಿ.” ಅವ್ವನ ತೋಳನ್ನು ನಾವಿಬ್ಬರೂ ಅಷ್ಟು ಚೆನ್ನಾಗಿ ಮರೆತಿದ್ದೆವು.

ಮರುದಿನ ಇಬ್ಬರೂ ಆರ್.ಟಿ. ನಗರಕ್ಕೆ ಹೋದೆವು. ಸಾಹೇಬರು ನಾವು ಒಯ್ದದ್ದನ್ನು ಒಂದು ಕೈಯಲ್ಲಿ, ನಾಗಸಂದ್ರದಿಂದ ಪೆಟ್ಟಿಗೆಯಲ್ಲಿ ವಾಪಸ್ ಬಂದಿದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಗಿಣಿಗಳನ್ನು ಸವರಿದರು. ಬಹಳ ಹೊತ್ತು ಸವರಿದರು. ಒಳಗೆ ಅವರ ಹೆಂಡತಿ ಸಬೀರಾ ಬೇಗಂ ಕುಕ್ಕರಿನ ಉರಿ ಸಣ್ಣದು ಮಾಡಿದ ಸದ್ದು ಕೂಡ ನನಗೆ ಕೇಳಿಸಿತು. ಮಗಳು ನಿಶಾತ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು: “ಹಳೇ ಒಡವೆಗೆಲ್ಲ ಬಣ್ಣ ಹೊಡೆಯೋದು ನಾನೇ, ಅಬ್ಬಾ ಕೈಗೇ ಹೋಗಲ್ಲ. ಏಳು ವರ್ಷ ಇದಕ್ಕೆ ಗೋಲ್ಡ್ ಪೇಂಟ್ ಹೊಡೆದು ಹೊಡೆದು ಸಾಕಾಗಿದೆ ಅಂಕಲ್! ಒಂದು ನಾಟಕಕ್ಕೆ ಉದುರಿ ಹೋಗೋದು. ನಾನು ಅಬ್ಬಾಗೆ ದಿನಾ ಬೈತಿದ್ದೆ, ಎಂಥ ಕಳಪೆ ಪೀಸ್ ಮಾಡಿದ್ದೀರಾ ಅಂತ.”

ಚಿನ್ನಕ್ಕೆ ಚಿನ್ನದ ಬಣ್ಣ! ನಗು ಬಂತು, ಆದರೆ ನಗುವ ಹಕ್ಕು ಅಲ್ಲಿ ನನಗಿರಲಿಲ್ಲ. “ಅಸಲಿಯನ್ನೇ ನೀವು ಇಟ್ಟುಕೊಳ್ಳಿ ಸಾಹೇಬ್ರೇ,” ಎಂದು ಅವರ ಕೈಗೆ ಒತ್ತಿದೆ.

“ಇದನ್ನ ತಗೊಂಡ್ ಏನ್ ಮಾಡ್ಲಿ ಅಣ್ಣ? ಸ್ಟೇಜ್ ಮೇಲೆ ಹೊಳಿಯೋದೇ ಇಲ್ಲ,” ಎಂದು ನನ್ನ ಮಡಿಲಿಗಿಟ್ಟರು. ತಮ್ಮ ಸೀಸದ್ದನ್ನು ಮಾತ್ರ ಎತ್ತಿಕೊಂಡು, ಅರಿಶಿನ ಕುಂಕುಮವನ್ನು ಒರೆಸದೆ, ಬಟ್ಟೆಯಲ್ಲಿ ಸುತ್ತಿ ಮೇಲಿನ ಗೂಡಿನಲ್ಲಿಟ್ಟರು. “ಇಷ್ಟು ಮರ್ಯಾದೆ ನನ್ನ ಯಾವ ಪೀಸ್‌ಗೂ ಸಿಕ್ಕಿರ್ಲಿಲ್ಲ.”

ಆಗ ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಸಭಿಕರೇ, ಬಗ್ಗುವಾಗ ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದೆ, ರಂಗದ ಮೇಲೆ ಇಡುವ ಹಾಗೆ. ಅದು ನನಗೆ ಗೊತ್ತಿರಲಿಲ್ಲ. ಪೊರೆ ಬಂದ ಆ ಕಣ್ಣಿಗೆ ಗೊತ್ತಾಯಿತು.

“ಏಳಿ ಅಣ್ಣ. ಕಾಲು ಗೀಲು ಬೇಡ. ಎಲ್ಲಿ ಅಂದ್ರೋ ಅಲ್ಲೇ ಹೇಳ್ಬಿಡಿ, ಅದೇ ಜನದ ಮುಂದೆ. ಅಷ್ಟೇ ಸಾಕು.”

“ಖಂಡಿತ ಹೇಳ್ತೀನಿ. ನೀವೂ ಬನ್ನಿ. ಶಾಲು ಹೊದಿಸಿ, ಹಾರ ಹಾಕಿ...”

“ನಾನು ಬರಲ್ಲ. ನಾನು ಬಂದ್ರೆ ನೀವು ಆಕ್ಟ್ ಮಾಡ್ತೀರಾ.”

ಅದಕ್ಕೇ ಅವರು ಇಲ್ಲಿಲ್ಲ. ಇಷ್ಟು ಹೊತ್ತೂ ನಾನು ಆಕ್ಟ್ ಮಾಡಿದ್ದೇನೆ, ನೀವು ಚಪ್ಪಾಳೆ ತಟ್ಟಿದ್ದೀರಿ, ನಕ್ಕಿದ್ದೀರಿ. ಶ್ರೀಮಂತಿಕೆಯ ವಿಷಯವಾಗಿ ಇನ್ನು ನನ್ನಲ್ಲಿ ಹೇಳುವುದು ಏನೂ ಉಳಿದಿಲ್ಲ. ಕರೆದ ಮಂಡಳಿಗೆ, ಕೇಳಿದ ನಿಮಗೆ ನನ್ನ ವಂದನೆಗಳು. ಅಧ್ಯಕ್ಷರೇ, ಈ ಮೈಕನ್ನು ಸ್ವಲ್ಪ ಹಿಡಿದುಕೊಳ್ಳಿ. ಇದಿಲ್ಲದೆ ಹೇಳಬೇಕು. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ.

ಗಯಾಸ್ ಸಾಹೇಬರು ಕಳ್ಳರಲ್ಲ. ನಾನು ಸುಳ್ಳು ಹೇಳಿದೆ.

ನಮಸ್ಕಾರ.